ಮೊದಲ ಸಲ ಮೊಟ್ಟೆಗೆ ಕಾವು ಕೊಡುವಾಗ

ಪ್ರಶ್ನೆ: ಮನೆಯಲ್ಲೇ ಸಣ್ಣ ಇನ್‌ಕ್ಯುಬೇಟರ್ ಇಟ್ಟು ಮೊದಲ ಸಲ ಕೋಳಿ ಮರಿ ಮಾಡಿಸಬೇಕೆಂದಿದ್ದೇನೆ. ಅಂಗಡಿ ಮೊಟ್ಟೆ ಆಗುತ್ತದೆಯೇ? ಕರೆಂಟು ಹೋದರೆ ಏನು ಮಾಡಲಿ?

ಉತ್ತರ: ಅಂಗಡಿಯ ಬಿಳಿ ಮೊಟ್ಟೆ ಬೇಡ. ಲೇಯರ್ ಫಾರಂಗಳಲ್ಲಿ ಹುಂಜ ಇರುವುದಿಲ್ಲ. ಆ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಮರಿಯಾಗದು. ಹುಂಜದ ಜತೆಗಿರುವ ಹೇಂಟೆ ಇಟ್ಟ, ಒಂದು ವಾರದೊಳಗಿನ ನಾಟಿ ಮೊಟ್ಟೆ ತನ್ನಿ. ತೊಳೆಯಬೇಡಿ, ಚಿಪ್ಪಿನ ಮೇಲಿನ ರಕ್ಷಣೆಯ ಪೊರೆ ಹೋಗಿ ರೋಗಾಣು ಒಳಸೇರುತ್ತದೆ.

ಮೊದಲು ಒಂದು ದಿನ ಯಂತ್ರವನ್ನು ಖಾಲಿ ಓಡಿಸಿ, ಬೇರೊಂದು ಥರ್ಮಾಮೀಟರ್ ಇಟ್ಟು ತಾಳೆ ನೋಡಿ. ಫ್ಯಾನ್ ಇರುವ ಯಂತ್ರಕ್ಕೆ 37.5 ಡಿಗ್ರಿ ಸೆಲ್ಸಿಯಸ್ ಬೇಕು. ತೇವಾಂಶ ಮೊದಲ 18 ದಿನ ಶೇ 50ರ ಆಸುಪಾಸು, ಕೊನೆಯ 3 ದಿನ ಶೇ 65–70 ಇರಲಿ. ದಿನಕ್ಕೆ ಕನಿಷ್ಠ 3 ಸಲ ಮೊಟ್ಟೆ ಹೊರಳಿಸಿ, ಇಲ್ಲದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. 18ನೇ ದಿನದಿಂದ ಹೊರಳಿಸುವುದು ಬೇಡ.

7ನೇ ರಾತ್ರಿ ಕತ್ತಲ ಕೋಣೆಯಲ್ಲಿ ಮೊಟ್ಟೆಯ ಅಗಲ ತುದಿಗೆ ಟಾರ್ಚ್ ಹಿಡಿಯಿರಿ. ಜೇಡರ ಬಲೆಯಂತೆ ಕೆಂಪು ನರಗಳು ಹರಡಿ, ನಡುವೆ ಕಪ್ಪು ಚುಕ್ಕೆ ಅಲುಗಿದರೆ ಜೀವ ಇದೆ. ಏನೂ ಕಾಣದ ತಿಳಿ ಮೊಟ್ಟೆಯನ್ನು ತೆಗೆದುಬಿಡಿ.

ಕರೆಂಟು ಹೋದರೆ ಮುಚ್ಚಳ ತೆರೆಯಬೇಡಿ. ಗಾಳಿಕಿಂಡಿ ಬಿಟ್ಟು ಕಂಬಳಿ ಹೊದಿಸಿ. ಒಂದೆರಡು ಗಂಟೆಯ ತಂಪನ್ನು ಭ್ರೂಣ ತಡೆದೀತು. ಅತಿ ಬಿಸಿಯನ್ನು ತಡೆಯದು.

21ನೇ ದಿನದ ಹೊತ್ತಿಗೆ ಮರಿ ಚಿಪ್ಪು ಕುಕ್ಕುತ್ತದೆ. ಹೊರಬರಲು ಇಡೀ ದಿನ ಹಿಡಿದರೂ ಚಿಪ್ಪು ಬಿಡಿಸಲು ಹೋಗಬೇಡಿ, ರಕ್ತನಾಳ ಹರಿದೀತು. ಹೊಟ್ಟೆಯೊಳಗೆ ಸೆಳೆದುಕೊಂಡ ಹಳದಿಯೇ ಅದಕ್ಕೆ ಮೊದಲ ದಿನದ ಆಹಾರ. ಮೈ ಪೂರ್ತಿ ಒಣಗಿದ ಮೇಲೆ ಬೆಚ್ಚನೆಯ ಬ್ರೂಡರ್‌ಗೆ ಬಿಡಿ. ಮೊದಲು ನೀರು, ಆಮೇಲೆ ಮರಿಗಳ ಫೀಡ್ ಕೊಡಿ.