ಡಿಜಿಟಲ್ ರಾಜತಾಂತ್ರಿಕತೆ: ಕೆನಡಾ–ಸೌದಿ ಬಿಕ್ಕಟ್ಟು ಮತ್ತು ಭಾರತದ ಅನುಭವ

ಸರ್ಕಾರಗಳು ಸಾಮಾಜಿಕ ಜಾಲತಾಣಗಳ ಮೂಲಕ ಇತರ ರಾಷ್ಟ್ರಗಳೊಡನೆಯೂ ಅಲ್ಲಿನ ಜನರೊಡನೆಯೂ ಬಹಿರಂಗವಾಗಿ ನಡೆಸುವ ಸಂವಹನವನ್ನು ಡಿಜಿಟಲ್ ರಾಜತಾಂತ್ರಿಕತೆ ಎನ್ನುತ್ತಾರೆ. ರಾಯಭಾರ ಕಚೇರಿಯ ಅಧಿಕೃತ ವ್ಯವಹಾರವು ಆತಿಥೇಯ ದೇಶದ ವಿದೇಶಾಂಗ ಸಚಿವಾಲಯದ ಅಥವಾ ಪರಸ್ಪರ ಒಪ್ಪಿದ ಬೇರೆ ಸಚಿವಾಲಯದ ಮೂಲಕವೇ ಸಾಗಬೇಕೆಂದು 1961ರ ವಿಯೆನ್ನಾ ಒಪ್ಪಂದದ 41ನೆಯ ವಿಧಿ ಹೇಳುತ್ತದೆ. ಟ್ವಿಟರ್ (2023ರಿಂದ ಎಕ್ಸ್) ಬಂದ ಮೇಲೆ ಈ ಕ್ರಮ ಸಡಿಲಗೊಂಡಿತು.

ಇದರ ಅಪಾಯವನ್ನು 2018ರ ಆಗಸ್ಟ್ ತಿಂಗಳ ಬಿಕ್ಕಟ್ಟಿನಷ್ಟು ಸ್ಪಷ್ಟವಾಗಿ ತೋರುವ ನಿದರ್ಶನಗಳು ವಿರಳ. ಸೌದಿ ಅರೇಬಿಯಾದಲ್ಲಿ ಬಂಧಿತರಾಗಿದ್ದ ಮಹಿಳಾ ಹಕ್ಕುಗಳ ಹೋರಾಟಗಾರರನ್ನು ಬಿಡುಗಡೆ ಮಾಡಬೇಕೆಂದು ಕೆನಡಾ ಟ್ವೀಟ್ ಮಾಡಿ, ರಿಯಾದ್‌ನಲ್ಲಿದ್ದ ಅದರ ರಾಯಭಾರ ಕಚೇರಿ ಅದನ್ನೇ ಅರಬ್ಬಿಯಲ್ಲೂ ಪ್ರಕಟಿಸಿದಾಗ, ಸೌದಿ ಸರ್ಕಾರವು ಕೆನಡಾದ ರಾಯಭಾರಿಯನ್ನು ಉಚ್ಚಾಟಿಸಿ, ಹೊಸ ವ್ಯಾಪಾರವನ್ನು ಸ್ಥಗಿತಗೊಳಿಸಿ, ಕೆನಡಾದಲ್ಲಿ ಓದುತ್ತಿದ್ದ ತನ್ನ ಸಾವಿರಾರು ವಿದ್ಯಾರ್ಥಿಗಳಿಗೆ ಮರಳುವಂತೆ ಆದೇಶಿಸಿತು. ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಆದರೆ ಸ್ಥಳೀಯ ಭಾಷೆಯಲ್ಲಿ ನೇರವಾಗಿ ಜನರ ಮುಂದಿಟ್ಟದ್ದರಿಂದ ಗುಟ್ಟಾದ ಮಾತುಕತೆಯಲ್ಲಿ ಉಳಿಯಬಹುದಾಗಿದ್ದ ಹಿಂದೆ ಸರಿಯುವ ಅವಕಾಶವು ಎರಡೂ ಪಕ್ಷಗಳಿಗೆ ಇಲ್ಲವಾಯಿತು. ಕೆನಡಾ ಮತ್ತು ಸೌದಿ ಅರೇಬಿಯಾ ಪೂರ್ಣ ರಾಜತಾಂತ್ರಿಕ ಸಂಬಂಧವನ್ನು ಪುನಃಸ್ಥಾಪಿಸಲು ಒಪ್ಪಿದ್ದು 2023ರ ಮೇ ತಿಂಗಳಲ್ಲಿ.

ಭಾರತದ ಅನುಭವ ಇದಕ್ಕಿಂತ ಭಿನ್ನ. ಅದರ ವಿದೇಶಾಂಗ ಸಚಿವಾಲಯವು 2010ರಲ್ಲಿ ಟ್ವಿಟರ್ ಪ್ರವೇಶಿಸಿ, 2011ರಲ್ಲಿ ಲಿಬಿಯಾದಿಂದ ಭಾರತೀಯರನ್ನು ಕರೆತರುವಾಗ ಅದನ್ನು ಬಳಸಿತು. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರ ಅವಧಿಯಲ್ಲಿ (2014–2019) ಅದು ಸಂಕಷ್ಟಕ್ಕೀಡಾದ ಅನಿವಾಸಿಗಳ ಅಹವಾಲು ವೇದಿಕೆಯೇ ಆಯಿತು, ಇದು ಈ ಮಾಧ್ಯಮದ ಅತ್ಯಂತ ಮಾನವೀಯ ಬಳಕೆ. ಕೆನಡಾ ಮತ್ತು ಸೌದಿ ಅರೇಬಿಯಾ ಪೂರ್ಣ ರಾಜತಾಂತ್ರಿಕ ಸಂಬಂಧವನ್ನು ಪುನಃಸ್ಥಾಪಿಸಲು ಒಪ್ಪಿದ್ದು 2023ರ ಮೇ ತಿಂಗಳಲ್ಲಿ.