ಸಾರಥಿಯ ಕಣ್ಣು

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಟೆಂಪಿ ಎಂಬುದೊಂದು ನಗರ. 2018ನೆಯ ಮಾರ್ಚ್ 18ರ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಅಲ್ಲಿನ ಹೆದ್ದಾರಿಯಂಥ ರಸ್ತೆಯೊಂದನ್ನು ಮಹಿಳೆಯೊಬ್ಬಳು ಸೈಕಲ್ಲನ್ನು ತಳ್ಳಿಕೊಂಡು ದಾಟುತ್ತಿದ್ದಳು. ಉಬರ್ ಸಂಸ್ಥೆಯು ಪರೀಕ್ಷಾರ್ಥವಾಗಿ ಓಡಿಸುತ್ತಿದ್ದ ಸ್ವಯಂಚಾಲಿತ ಕಾರು, ಗಂಟೆಗೆ 60 ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ಬಂದು ಆಕೆಗೆ ಬಡಿಯಿತು. ಆಕೆ ಬದುಕಲಿಲ್ಲ.

ಯಂತ್ರಕ್ಕೆ ಕಣ್ಣಿರಲಿಲ್ಲವೆ? ಇತ್ತು, ಇರುಳಿನಲ್ಲಿಯೂ ಕಾಣಬಲ್ಲ ಕಣ್ಣೇ ಇತ್ತು. ಡಿಕ್ಕಿಗೆ 5.6 ಸೆಕೆಂಡುಗಳ ಮೊದಲೇ ಅದು ಆಕೆಯನ್ನು ಗುರುತಿಸಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಆದರೆ ಕಂಡದ್ದು ಏನೆಂಬುದು ಅದಕ್ಕೆ ಹೊಳೆಯಲಿಲ್ಲ. ಒಮ್ಮೆ ವಾಹನವೆಂದಿತು, ಒಮ್ಮೆ ಏನೋ ಒಂದು ವಸ್ತುವೆಂದಿತು, ಕಡೆಗೆ ಸೈಕಲ್ಲೆಂದಿತು. ಹೆಸರು ಬದಲಾದಾಗಲೆಲ್ಲ ಆಕೆಯ ಚಲನೆಯ ಲೆಕ್ಕವನ್ನು ಹೊಸದಾಗಿ ಆರಂಭಿಸಿತು. ದಾಟುಪಟ್ಟಿ ಇಲ್ಲದೆಡೆಯಲ್ಲಿಯೂ ಜನ ರಸ್ತೆ ದಾಟಿಯಾರೆಂಬ ಅರಿವನ್ನು ನಿರ್ಮಾಪಕರು ಅದಕ್ಕೆ ಕೊಟ್ಟೇ ಇರಲಿಲ್ಲ. ಮನುಷ್ಯರು ಮನುಷ್ಯರ ಈ ಸ್ವಭಾವವನ್ನು ಮರೆತದ್ದು ಸೋಜಿಗವೇ ಸರಿ! ಕಾರಿನಲ್ಲಿ ಮೊದಲಿನಿಂದ ಇದ್ದ ತುರ್ತು ಬ್ರೇಕಿನ ವ್ಯವಸ್ಥೆಯನ್ನೂ ಪರೀಕ್ಷೆಯ ಸಲುವಾಗಿ ನಿಲ್ಲಿಸಲಾಗಿತ್ತು.

ಯಂತ್ರ ತಪ್ಪಿದರೆ ತಡೆಯಲೆಂದು ಚಾಲಕರೊಬ್ಬರು ಕುಳಿತಿದ್ದರು. ಅವರ ದೃಷ್ಟಿ ರಸ್ತೆಯನ್ನು ಬಿಟ್ಟು ಮೊಬೈಲ್ ಫೋನಿನಲ್ಲಿ ನೆಟ್ಟಿತ್ತೆಂದು ತನಿಖಾ ಮಂಡಳಿ 2019ರಲ್ಲಿ ನಿರ್ಣಯಿಸಿತು. ಗಾಡಿಯವನು ತೂಕಡಿಸಿದರೂ ಎತ್ತು ಎದುರಿನವರನ್ನು ಕಂಡು ನಿಂತೀತು. ಈ ಎತ್ತಿಗೆ ಆ ಗುಣವಿರಲಿಲ್ಲ. ಆದರೂ ಹೊಣೆಯೆಲ್ಲ ಚಾಲಕರದೇ ಎನ್ನಲಾದೀತೆ? ತಾನಾಗಿ ಓಡುವ ಯಂತ್ರದ ಮುಂದೆ ಗಂಟೆಗಟ್ಟಲೆ ಕೈಕಟ್ಟಿ ಕುಳಿತ ಮನಸ್ಸು ಜಾರುವುದು ಸಹಜ. ಅದನ್ನರಿತು ಕಾವಲಿನ ಮೇಲೆ ಕಾವಲಿಡದ ಸಂಸ್ಥೆಯ ಅಸಡ್ಡೆಯನ್ನೂ ಮಂಡಳಿ ಎತ್ತಿ ತೋರಿಸಿತು.

ಸಂಸ್ಥೆಯ ಮೇಲೆ ಅಪರಾಧದ ಮೊಕದ್ದಮೆ ನಡೆಯಲಿಲ್ಲ. ಚಾಲಕರು 2023ರಲ್ಲಿ ತಪ್ಪೊಪ್ಪಿಕೊಂಡರು. ಮೂರು ವರ್ಷ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿರಬೇಕೆಂದು ನ್ಯಾಯಾಲಯ ವಿಧಿಸಿತು.