ಚುಚ್ಚಿದ ಗಂಟು, ಚುಚ್ಚದ ಗಂಟು

ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ ಎನ್ನುವವರಿದ್ದಾರೆ. ನಮ್ಮವರಿಗೂ ಅದು ಬರುತ್ತದೆ, ಹೆಚ್ಚಾಗಿ ಬಿಸಿಲು ಬೀಳದ ಅಂಗಾಲು, ಅಂಗೈ, ಉಗುರಿನಡಿಯಲ್ಲಿ. ಹ್ಯೂಸ್ಟನ್‌ನಲ್ಲಿರುವ ನನ್ನ ಅಣ್ಣನಿಗೆ ಹಿಮ್ಮಡಿಯಲ್ಲಿ ಬಂತು. ಆಪರೇಷನ್ ಆದಮೇಲೂ ಮೊಣಕಾಲಿನ ಕೆಳಗೆ ಸಣ್ಣ ಸಣ್ಣ ಗಂಟುಗಳೆದ್ದವು, ತೊಡೆಸಂದಿಯಲ್ಲೂ ಒಂದು.

ಅದು 2018. ವೈದ್ಯರು ಎರಡು ಔಷಧ ಒಟ್ಟಿಗೆ ಕೊಡೋಣವೆಂದರು. ಒಂದು ಟಿ-ವೆಕ್: ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸನ್ನೇ ಪಳಗಿಸಿದ್ದು. ನೇರವಾಗಿ ಗಂಟಿಗೆ ಚುಚ್ಚುತ್ತಾರೆ. ಅದು ಕ್ಯಾನ್ಸರ್ ಕೋಶದೊಳಗೆ ಬೆಳೆದು ಕೋಶವನ್ನೇ ಒಡೆಯುತ್ತದೆ, ರೋಗನಿರೋಧಕ ಕೋಶಗಳನ್ನು ಅಲ್ಲಿಗೆ ಕರೆಯುತ್ತದೆ. ಇನ್ನೊಂದು ರಕ್ತನಾಳಕ್ಕೆ ಹನಿಸುವ ಪೆಂಬ್ರೊಲಿಜುಮ್ಯಾಬ್. ರೋಗನಿರೋಧಕ ಟಿ ಕೋಶಗಳ ಮೇಲಿರುವ ಪಿಡಿ-1 ಎಂಬ ಬ್ರೇಕನ್ನು ಅದು ಬಿಡಿಸುತ್ತದೆ. ಆ ಬ್ರೇಕನ್ನು ಕಂಡುಹಿಡಿದ ಹೊಂಜೊ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ.

ನಮ್ಮ ಆಸೆಗೆ ಆಧಾರವಿತ್ತು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಜೋಡಿಗೆ ಶೇ. 62 ಮಂದಿ ಸ್ಪಂದಿಸಿದ್ದರು. ಆದರೆ ಅದರಲ್ಲಿದ್ದವರು 21 ಮಂದಿ ಮಾತ್ರ.

ಚುಚ್ಚಿಸಿಕೊಂಡ ದಿನ ಸಂಜೆ ಅಣ್ಣನಿಗೆ ಚಳಿಜ್ವರ. ವೈರಸ್ ಅಂಟಬಾರದೆಂದು ಅತ್ತಿಗೆ ಗ್ಲೌಸ್ ಹಾಕಿಕೊಂಡೇ ಪಟ್ಟಿ ಬದಲಿಸುವರು, ತೆಗೆದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡುವರು. ಮೊಮ್ಮಗು ಹತ್ತಿರ ಬಾರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕಾಲಿನಲ್ಲಿ ಚುಚ್ಚಿದ ಗಂಟುಗಳು ಕೆಂಪಾಗಿ, ಮೆತ್ತಗಾಗಿ, ಕೊನೆಗೆ ಕಲೆಯಷ್ಟೇ ಉಳಿದವು. ಎಲ್ಲರೂ ಕಾಲು ನೋಡಿ ಹಿಗ್ಗುತ್ತಿದ್ದರೆ ವೈದ್ಯೆ ಮಾತ್ರ ಪ್ರತಿ ಸಲವೂ ತೊಡೆಸಂದಿ ಮುಟ್ಟಿ ನೋಡುತ್ತಿದ್ದರು. ಚುಚ್ಚದ ಗಂಟು ಕರಗಿದರೆ ತಾನೇ ದೇಹವಿಡೀ ಎಚ್ಚೆತ್ತಿದೆ ಎನ್ನುವುದು! ಅದು ಕರಗಲಿಲ್ಲ. ಆಪರೇಷನ್ ಮಾಡಿ ತೆಗೆದರು.

ನಡುವೆ ಒಂದು ರಾತ್ರಿ ಭೇದಿ ಶುರುವಾಯಿತು. "ಸಾರು ಖಾರವಾಯ್ತು ಅಷ್ಟೆ" ಎಂದ ಅಣ್ಣ. ಅತ್ತಿಗೆ ಕೇಳದೆ ಆಸ್ಪತ್ರೆಗೆ ಫೋನ್ ಮಾಡಿದರು. ಬ್ರೇಕ್ ತಪ್ಪಿದ ಕೋಶಗಳು ಕರುಳಿಗೇ ಬಿದ್ದಿದ್ದವು. ಸ್ಟೆರಾಯ್ಡ್ ಬೇಗ ಸಿಕ್ಕಿದ್ದರಿಂದ ಉಳಿದ.

ಆಮೇಲೆ 692 ಮಂದಿಯ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಪಡೆದವರಿಗಿಂತ ಜೋಡಿ ಪಡೆದವರ ಆಯಸ್ಸು ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಓದಿ ಸಂಕಟವಾಯಿತು. ಆದರೂ ನೋವಿಲ್ಲದೆ ಅಣ್ಣ ನಡೆದಾಡಿದ್ದು ನನಗೆ ಸಣ್ಣದಲ್ಲ.

ಈಗ ಯಾರಾದರೂ "ಎರಡೂ ಕೊಡಿಸೋಣವಾ?" ಎಂದು ಕೇಳಿದರೆ ನಾನೇ ತಿರುಗಿ ಕೇಳುತ್ತೇನೆ: ಒಳಗೆ ಎಲ್ಲೆಲ್ಲಿ ಹರಡಿದೆ, ಚುಚ್ಚಲು ಸಿಗುವ ಗಂಟಿದೆಯೇ, ಎರಡನೆಯದು ಯಾಕೆಂದು ವೈದ್ಯರು ಹೇಳಿದರೇ?